ತಕ್ಕಡಿಗೆ ಮೊದಲು ಬುತ್ತಿ

ಊರಿನ ಕ್ರೀಡಾ ಸಂಘದ ಕಾರ್ಯದರ್ಶಿ ಫೋನ್ ಮಾಡಿದಾಗ ನಾನು ರೇಷನ್ ಅಂಗಡಿಯಲ್ಲಿ ಅಕ್ಕಿ ತೂಗುತ್ತಿದ್ದೆ.

"ಅಕ್ಕ, ಲೈನ್‌ಮ್ಯಾನಣ್ಣನ ಹೆಸರಲ್ಲಿ ಈ ಸಲ ಹಗ್ಗಜಗ್ಗಾಟ ಉಂಟು. ಟ್ರೋಫಿ ಸಹ ಅವರ ಹೆಸರಲ್ಲೇ. ಸ್ಮರಣ ಸಂಚಿಕೆಗೆ ನೀವೊಂದು ಬರೀಬೇಕು. ಎರಡು ಪುಟ ಸಾಕು. ನಮಗೆಲ್ಲ ತಂದೆಯ ಹಾಗೆ ಇದ್ರು ಅಂತ ಶುರು ಮಾಡಿ, ಶಿಸ್ತಿನ ಬಗ್ಗೆ ನಾಲ್ಕು ಮಾತು ಹಾಕಿ. ಆ ಸುಳ್ಯದ ವಿಷಯ ಮಾತ್ರ ಬೇಡ."

ಆಯ್ತು ಎಂದೆ. ಹದಿನೈದು ಜನ ಚೀಲ ಹಿಡಿದು ಸಾಲಿನಲ್ಲಿ ನಿಂತಿರುವಾಗ ವಾದ ಮಾಡಲು ಆಗುವುದಿಲ್ಲ. ಇವತ್ತು ಭಾನುವಾರ, ಅಂಗಡಿಗೆ ರಜೆ, ವಾದಕ್ಕೆ ಬೇಕಾದಷ್ಟು ಪುರುಸೊತ್ತಿದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಅವರು ನಮಗೆ ತಂದೆಯ ಹಾಗೆ ಇರಲಿಲ್ಲ. ಸುಳ್ಯದ ವಿಷಯ ಬಿಟ್ಟು ಅವರ ಬಗ್ಗೆ ಬರೆಯುವುದು ನನ್ನಿಂದ ಆಗುವ ಕೆಲಸವೂ ಅಲ್ಲ. ಹಾಕುವುದಾದರೆ ಪೂರ್ತಿ ಹಾಕಿ, ಇಲ್ಲವಾದರೆ ಎರಡು ಪುಟ ಕಾಗದ ಉಳಿಯಿತು ಎಂದುಕೊಳ್ಳಿ. ಹೆಸರು ಹೇಗೂ ನಿಮ್ಮ ಟ್ರೋಫಿಯ ಮೇಲೆ ಕೆತ್ತಿಸಿದ್ದೀರಿ, ನಾನು ಬರೆಯುವುದಿಲ್ಲ. ನಾವು ಹೆಸರು ಹಿಡಿದು ಕರೆದದ್ದೂ ಇಲ್ಲ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದರು, ನಮಗೆ ಲೈನ್‌ಮ್ಯಾನಣ್ಣ ಆದರು.

ತಂದೆಯ ವಿಷಯ ಮೊದಲು ಮುಗಿಸುತ್ತೇನೆ. ಕೆದಂಬಾಡಿಯಲ್ಲಿ ಒಂದು ಪಂದ್ಯ ಗೆದ್ದ ಸಂಜೆ ನಮ್ಮ ತಂಡದ ಒಬ್ಬಳು ಖುಷಿಯಲ್ಲಿ ಅಳುತ್ತಾ, "ನೀವು ನಮಗೆ ಅಪ್ಪನ ಹಾಗೆ" ಎಂದಳು. ಅವರು ಹಗ್ಗ ಸುತ್ತುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ನಿನಗೆ ಮನೆಯಲ್ಲಿ ಅಪ್ಪ ಉಂಟಲ್ಲ, ಮತ್ತೊಂದು ಎಂತಕ್ಕೆ? ಅಪ್ಪ ಅಂದ್ರೆ ನಾನು ಹೇಳಿದ್ದಕ್ಕೆಲ್ಲ ನೀನು ಹೂಂ ಹೇಳ್ಬೇಕಾಗ್ತದೆ. ನಾನು ಹಗ್ಗದ ಬದಿಯಲ್ಲಿ ನಿಲ್ಲುವವ. ಅಷ್ಟೇ."

ಅವಳಿಗೆ ಬೇಜಾರಾಯಿತು. ನಮಗೂ ಆಯಿತು. ಪ್ರೀತಿಯಿಂದ ಹೇಳಿದ ಮಾತನ್ನು ಹೀಗೆ ಕತ್ತರಿಸುವ ಮನುಷ್ಯನ ಬಗ್ಗೆ ಬೇಜಾರಾಗದೆ ಇನ್ನೇನು.

ಬದಿಯಲ್ಲಿ ನಿಲ್ಲುವುದು ಎಂದರೆ ಏನೆಂದು, ಹಗ್ಗ ಹಿಡಿಯದವರಿಗೆ ಸ್ವಲ್ಪ ಹೇಳಬೇಕು. ನೋಡುವವರಿಗೆ ಹಗ್ಗಜಗ್ಗಾಟ ಬಲದ ಆಟ. ಎಳೆಯುವವರಿಗೆ ಅದು ಏನೂ ಕಾಣದ ಆಟ. ಹಿಂದಕ್ಕೆ ವಾಲಿ ಕೂತ ಮೇಲೆ ಎದುರಿನ ತಂಡ ಕಾಣುವುದಿಲ್ಲ. ಆಕಾಶ ಕಾಣುತ್ತದೆ, ಮುಂದಿನವಳ ಜಡೆ ಕಾಣುತ್ತದೆ, ಓರೆಗಣ್ಣಿನಲ್ಲಿ ಬದಿಯಲ್ಲಿ ನಿಂತವರ ಕೈ ಕಾಣುತ್ತದೆ. ಆ ಕೈ ಕೆಳಗಿದ್ದರೆ ಕೂತು ತಾಳಬೇಕು, ಮೇಲಕ್ಕೆ ಹೋದರೆ ಎಳೆಯಬೇಕು. ಎದುರಿನವರು ಸುಸ್ತಾದರೋ ಇಲ್ಲವೋ ಎಂದು ನೋಡುವ ಕಣ್ಣು ಎಂಟು ಜನರಿಗೆ ಸೇರಿ ಒಂದೇ ಜೊತೆ, ಅದು ಆ ಮನುಷ್ಯನದು. ಕೈ ತಪ್ಪಿದರೆ ಎಂಟು ಜನವೂ ತಪ್ಪಿದ ಹಾಗೆ.

ಲೈನ್‌ಮ್ಯಾನಣ್ಣನ ಎಡಗೈಯ ಎರಡು ಬೆರಳು ಹಿಂದೆಂದೋ ಕರೆಂಟ್ ಹೊಡೆದು ಮಡಚಿಕೊಂಡಿದ್ದವು, ಬಿಚ್ಚುತ್ತಿರಲಿಲ್ಲ. ಅದೇ ಕೈಯನ್ನು ತೋರಿಸುತ್ತಿದ್ದರು. ಬಲಗೈ ಚೆನ್ನಾಗಿಯೇ ಇತ್ತು. ಯಾಕೆಂದು ಕೇಳಿದ್ದಕ್ಕೆ, "ಈ ಕೈ ಇಡೀ ಜಿಲ್ಲೆಯಲ್ಲಿ ಬೇರೆ ಯಾರಿಗೂ ಇಲ್ಲ. ನಿಮಗೆ ಗುರ್ತ ತಪ್ಪುದಿಲ್ಲ" ಎಂದರು.

ಕರೆ ಕೊಡುವುದನ್ನು ಅವರು ಕಲಿತದ್ದು ಕಂಬ ನಿಲ್ಲಿಸುವಲ್ಲಿ. ಗುಂಡಿಗೆ ಕಂಬ ಇಳಿಸುವಾಗ ಹತ್ತು ಜನ ಹಗ್ಗ ಹಿಡಿದು ಎಳೆಯುತ್ತಾರೆ, ಒಬ್ಬ ಮಾತ್ರ ದೂರ ನಿಂತು ಐಲೇಸಾ ಹೇಳುತ್ತಾನೆ. ಕಂಬ ವಾಲಿತು ಎಂದರೆ ಹಗ್ಗ ಹಿಡಿದವರದ್ದು ತಪ್ಪಲ್ಲ, ಕರೆ ಕೊಟ್ಟವನದ್ದು. ಇದನ್ನು ಅವರು ನಮಗೆ ನೂರು ಸಲ ಹೇಳಿದ್ದಾರೆ. ನಾವು ಸೋತಾಗಲೆಲ್ಲ "ನನ್ನ ಕೈ ಬೇಗ ಹೋಯ್ತು" ಅಥವಾ "ನನ್ನ ಕೈ ತಡ ಆಯ್ತು" ಎನ್ನುತ್ತಿದ್ದರೇ ಹೊರತು ಯಾರ ಕಾಲು ಜಾರಿತು ಎಂದು ಕೇಳುತ್ತಿರಲಿಲ್ಲ. ಗೆದ್ದಾಗ ಮಾತ್ರ ಅವರ ಕೈಯ ಸುದ್ದಿ ಇರುತ್ತಿರಲಿಲ್ಲ.

ನನ್ನನ್ನು ಅವರು ಕಂಡದ್ದೂ ಕಂಬದ ಬುಡದಲ್ಲಿಯೇ. ರಾಮಕುಂಜದ ಈಚೆ ನಮ್ಮ ಮನೆ. ನಾನು ಒಂಬತ್ತನೆಯ ತರಗತಿ. ನನ್ನ ಗಾತ್ರದ ಬಗ್ಗೆ ಬಸ್ಸಿನ ಕಂಡಕ್ಟರಿನಿಂದ ಹಿಡಿದು ನೆಂಟರವರೆಗೆ ಎಲ್ಲರೂ ಒಂದೊಂದು ಮಾತು ಆಡಿಯೇ ಮುಂದೆ ಹೋಗುತ್ತಿದ್ದ ಕಾಲ ಅದು. ಶಾಲೆಯಲ್ಲಿ ಆಟದ ಪಿರಿಯಡ್ ಬಂದರೆ ನನಗೆ ಸ್ಕೋರ್ ಬರೆಯುವ ಕೆಲಸ. ಒಂದು ದಿನ ಮನೆಯ ಹತ್ತಿರದ ಕಂಬ ವಾಲಿತ್ತು, ಇವರು ಬಂದರು, ಜೊತೆಗೆ ಬರಬೇಕಾದವನು ಬರಲಿಲ್ಲ. "ಒಂದು ಹಗ್ಗ ಹಿಡ್ಕೊಳ್ತೀಯಾ ಗೂಡೆ?" ಎಂದರು. ಅವರದ್ದು ಸುಳ್ಯದ ಕಡೆಯ ಅರೆಭಾಷೆಯ ಮನೆ, ಹುಡುಗಿಯರೆಲ್ಲ ಅವರಿಗೆ ಗೂಡೆಯೇ. ನಾನು ಅಂಗಳದ ಕೆಳಗೆ ನಿಂತು ಹಗ್ಗ ಹಿಡಿದೆ. ಕೆಲಸ ಮುಗಿದ ಮೇಲೆ ಅವರು ನನ್ನ ಮುಖ ನೋಡಲಿಲ್ಲ, ನಾನು ಕಾಲೂರಿದ್ದ ಜಾಗವನ್ನು ನೋಡಿದರು. ಅಲ್ಲಿ ಎರಡು ಗುಳಿ ಬಿದ್ದಿದ್ದವು.

"ಈ ತೂಕವನ್ನು ಎಲ್ಲಿ ಇಡುದು ಅಂತ ನಿನಗೆ ಗೊತ್ತುಂಟು" ಎಂದರು.

ನನ್ನ ತೂಕದ ಬಗ್ಗೆ ಯಾರೋ ಹೊಗಳಿಕೆಯ ಮಾತು ಆಡಿದ್ದು ಅದೇ ಮೊದಲು. ಮರುದಿನವೇ ಅವರ ಅಭ್ಯಾಸದ ಜಾಗಕ್ಕೆ ಹೋದೆ.

ಅಲ್ಲಿ ಹಲಸಿನ ಮರದ ಕೊಂಬೆಗೆ ಬಾವಿಯ ರಾಟೆ ಕಟ್ಟಿ, ಹಗ್ಗದ ಒಂದು ತುದಿಗೆ ಮುರಿದ ಸಿಮೆಂಟ್ ಕಂಬದ ತುಂಡು ನೇತು ಹಾಕಿದ್ದರು. ಅದನ್ನು ಎತ್ತಿ ಹಿಡಿದು ನಿಲ್ಲುವುದೇ ಅಭ್ಯಾಸ. ನನ್ನನ್ನು ಎಲ್ಲರ ಹಿಂದೆ ಕೊನೆಯ ಜಾಗಕ್ಕೆ ಹಾಕಿದರು. ಕೊನೆಯವಳಿಗೆ ಹಗ್ಗ ಕಂಕುಳ ಅಡಿಯಿಂದ ಬೆನ್ನ ಮೇಲೆ ಓರೆಯಾಗಿ ಹೋಗಿ ಹೆಗಲ ಮೇಲೆ ಬರುತ್ತದೆ, ಬಿಟ್ಟು ಓಡುವ ಹಾಗಿಲ್ಲ. ಆ ಹಗ್ಗವನ್ನು ಹಾಕಿಕೊಳ್ಳುವುದನ್ನು ಅವರು ಮುಟ್ಟಿ ತೋರಿಸಲಿಲ್ಲ. ತಮ್ಮ ಮೈಗೆ ಹಾಕಿ ತೋರಿಸಿದರು, ಆಮೇಲೆ ಹಿರಿಯ ಹುಡುಗಿಯೊಬ್ಬಳಿಗೆ ಹೇಳಿ ನನಗೆ ಹಾಕಿಸಿದರು. ಕಾಲು ಎಲ್ಲಿ ಬರಬೇಕು ಎಂದು ಕೋಲಿನಲ್ಲಿ ಮಣ್ಣಿನ ಮೇಲೆ ಗೀರು ಎಳೆಯುತ್ತಿದ್ದರು. ಅಷ್ಟು ವರ್ಷಗಳಲ್ಲಿ ಆ ಕೋಲು ಒಬ್ಬಳ ಮೈಗೂ ತಾಗಲಿಲ್ಲ. ಇದನ್ನು ಯಾರೂ ದೊಡ್ಡ ವಿಷಯವಾಗಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಆಟದ ಹೆಸರಲ್ಲಿ ಹೆಣ್ಣುಮಕ್ಕಳ ಮೈಮೇಲೆ ಕೈ ಇಟ್ಟು ಕಲಿಸುವ ಗುರುಗಳನ್ನು ನಾನು ಆಮೇಲೆ ಬೇಕಾದಷ್ಟು ನೋಡಿದ್ದೇನೆ.

ಹಾಗೆಂದು ಅವರು ತಪ್ಪೇ ಮಾಡದ ದೇವರಲ್ಲ. ಅವರ ದೊಡ್ಡ ತಪ್ಪು ನನ್ನ ಮೇಲೆಯೇ ನಡೆದದ್ದು.

ಹುಡುಗಿಯರ ಪಂದ್ಯದಲ್ಲಿ ಎಂಟು ಜನರ ಒಟ್ಟು ತೂಕ ನಾನೂರ ಎಂಬತ್ತು ಕಿಲೋ ಮೀರಬಾರದು ಎಂಬ ಒಂದು ವಿಭಾಗ ಇದೆ. ನಾನು ಸೇರಿದ ಮೊದಲ ವರ್ಷ ಗುಂಡ್ಯದ ಹತ್ತಿರ ಪಂದ್ಯ. ನಾವು ಐದು ಕಿಲೋ ಹೆಚ್ಚಿದ್ದೆವು. ಎಲ್ಲ ತಂಡದವರೂ ಮಾಡುವುದನ್ನೇ ಇವರೂ ಮಾಡಿಸಿದರು. ಹಿಂದಿನ ದಿನದಿಂದ ಊಟ ಬಂದ್, ನೀರು ಬಂದ್. ಏಪ್ರಿಲ್ ತಿಂಗಳ ಬಿಸಿಲಿಗೆ ಮಳೆಕೋಟು ತೊಡಿಸಿ ಮೈದಾನ ಸುತ್ತಿಸಿದರು. ಅದೂ ಸಾಲದೆ ಬಾಯಲ್ಲಿ ಬಿಂಬುಳಿ ಕಾಯಿ. ಬಿಂಬುಳಿಯ ಹುಳಿಗೆ ಬಾಯಲ್ಲಿ ನೀರೂರುತ್ತದೆ, ಅದನ್ನು ಉಗುಳಬೇಕು, ನುಂಗಬಾರದು. ಉಗುಳಿದಷ್ಟೂ ತೂಕ ಇಳಿಯುತ್ತದೆ ಎಂದು ಲೆಕ್ಕ. ಎಂಟು ಹುಡುಗಿಯರು ಸಾಲಾಗಿ ಕೂತು ತೆಂಗಿನ ಗೆರಟೆಗೆ ಉಗುಳಿದೆವು. ನಗು ಬರುತ್ತಿತ್ತು, ನಗಲು ಶಕ್ತಿ ಇರಲಿಲ್ಲ.

ತಕ್ಕಡಿ ನಮ್ಮನ್ನು ಒಪ್ಪಿತು. ಎರಡನೆಯ ಎಳೆತದ ನಡುವೆ ನನಗೆ ಕಣ್ಣು ಕತ್ತಲೆ ಬಂತು. ಮುಂದಿನ ಏಳು ಜನ ಆಕಾಶ ನೋಡುತ್ತಿದ್ದರು, ಹಿಂದೆ ನಾನು ಬಿದ್ದದ್ದು ಅವರಿಗೆ ತಿಳಿಯಲಿಲ್ಲ. ಹಗ್ಗ ನನ್ನ ಮೈಗೆ ಸುತ್ತಿಕೊಂಡೇ ಇತ್ತು, ಎದುರಿನವರು ನನ್ನನ್ನು ಎಳೆದುಕೊಂಡು ಹೋದರು. ಇವರು ಒಳಗೆ ನುಗ್ಗಿ ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಲ್ಲಿಸಿದರಂತೆ. ಬದಿಯವರು ಹಗ್ಗ ಮುಟ್ಟಿದರೆ ತಂಡ ಹೊರಗೆ. ನಾವು ಹೊರಗಾದೆವು. ನನ್ನ ಹೆಗಲಿನ ಚರ್ಮ ಅಂಗೈಯಗಲ ಕಿತ್ತುಹೋಗಿತ್ತು.

ಮನೆಯಲ್ಲಿ ನಾನು ಬಿಸಿಲಿಗೆ ತಲೆ ತಿರುಗಿತು ಎಂದು ಸುಳ್ಳು ಹೇಳಿದೆ. ನಿಜ ಹೇಳಿದರೆ ಆಟಕ್ಕೆ ಕಳಿಸುವುದಿಲ್ಲ ಎಂದು ಗೊತ್ತಿತ್ತು. ಮರುದಿನ ಬೆಳಿಗ್ಗೆ ಅಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಲೈನ್‌ಮ್ಯಾನಣ್ಣ ಬೈಕನ್ನು ಗೇಟಿನ ಹೊರಗೆ ನಿಲ್ಲಿಸಿ ಅಂಗಳಕ್ಕೆ ಬಂದರು.

"ಬನ್ನಿ, ಕೂತ್ಕೊಳ್ಳಿ" ಎಂದಳು ಅಮ್ಮ.

"ಕೂರುದಿಲ್ಲ. ಒಂದು ವಿಷಯ ಹೇಳ್ಲಿಕ್ಕುಂಟು. ಅವಳು ಬಿದ್ದದ್ದು ಬಿಸಿಲಿಗೆ ಅಲ್ಲ. ಮೊನ್ನೆಯಿಂದ ನಾನು ಅವಳಿಗೆ ಅನ್ನ, ನೀರು ಕೊಡ್ಲಿಲ್ಲ. ತೂಕ ಇಳಿಸ್ಲಿಕ್ಕೆ."

ಅಮ್ಮ ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿದಳು. ಆಮೇಲೆ ಕತ್ತರಿಯನ್ನು ಗೆರಸೆಯ ಮೇಲೆ ಇಟ್ಟಳು.

"ಇವಳ ಹೊಟ್ಟೆ ತುಂಬ್ಲಿ ಅಂತ ನಾನು ಬೆಳಗಿಂದ ರಾತ್ರಿವರೆಗೆ ಈ ಎಲೆ ಕತ್ತರಿಸುದು. ನೀವು ಅದನ್ನು ಖಾಲಿ ಮಾಡಿಸಿದ್ರಿ."

"ಹೌದು."

"ಇನ್ನು ಕಳಿಸುದಿಲ್ಲ."

"ಕಳಿಸ್ಬೇಡಿ. ಮನಸ್ಸು ಬದಲಾದ್ರೆ ಸಹ ನನ್ನನ್ನು ನಂಬಿ ಕಳಿಸ್ಬೇಡಿ. ಬುತ್ತಿ ಕಟ್ಟಿ ಕಳಿಸಿ. ಅದನ್ನು ತಿಂದೇ ಅವಳು ತಕ್ಕಡಿ ಹತ್ತುದು."

ನಾನು ಬಾಗಿಲ ಸಂದಿಯಲ್ಲಿ ನಿಂತು ಇವರ ಮೇಲೆ ಹಲ್ಲು ಕಡಿಯುತ್ತಿದ್ದೆ. ನನ್ನ ಸುಳ್ಳನ್ನು ನಡು ಅಂಗಳದಲ್ಲಿ ಬಿಚ್ಚಿ ಹಾಕಿ ನನ್ನ ಆಟವನ್ನೇ ತೆಗೆದ ಮಹಾನುಭಾವ. ಒಂದು ತಿಂಗಳು ಅಮ್ಮ ಕಳಿಸಲಿಲ್ಲ. ಆಮೇಲೆ ಒಂದು ದಿನ ಅವಲಕ್ಕಿಗೆ ಬೆಲ್ಲ, ತೆಂಗಿನಕಾಯಿ ಕಲಸಿ ಡಬ್ಬಿಗೆ ಹಾಕಿ ನನ್ನ ಚೀಲದ ಹತ್ತಿರ ಇಟ್ಟಳು. ಅಭ್ಯಾಸಕ್ಕೆ ಹೋದಾಗ ಲೈನ್‌ಮ್ಯಾನಣ್ಣ ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮುಚ್ಚಿ, ಹಗ್ಗದ ಕೊನೆಯನ್ನು ಕೈಗೆ ಕೊಟ್ಟರು.

ಅಲ್ಲಿಂದ ಆ ಪದ್ಧತಿ ಶುರುವಾಯಿತು. ಪಂದ್ಯದ ದಿನ ತಕ್ಕಡಿಯ ಎದುರಿಗೇ ಚಾಪೆ ಹಾಸಿ ನಾವು ಎಂಟು ಜನ ಬುತ್ತಿ ಬಿಚ್ಚುತ್ತಿದ್ದೆವು. ಒಬ್ಬಳದ್ದು ನೀರುದೋಸೆ, ಒಬ್ಬಳದ್ದು ಬೇಯಿಸಿದ ಗೆಣಸು, ಇನ್ನೊಬ್ಬಳದ್ದು ಪುಂಡಿ. ಬಾಕಿ ತಂಡದ ಹುಡುಗಿಯರು ತುಟಿ ಒಣಗಿಸಿಕೊಂಡು ನಮ್ಮ ಡಬ್ಬಿಗಳನ್ನು ನೋಡುತ್ತಿದ್ದರು. ಅವರ ತರಬೇತುದಾರರು ನಗುತ್ತಿದ್ದರು. "ಎಂತ ಮಾರಾಯ್ರೆ, ಮದುವೆಗೆ ಬಂದದ್ದಾ?" ಎಂದು ಒಬ್ಬರು ಕೇಳಿದರೆ, ಇವರು "ಹೌದು, ನಿಮ್ಮ ಮಕ್ಕಳನ್ನು ಸಹ ಕೂರಿಸಿ" ಎನ್ನುತ್ತಿದ್ದರು. ನಾವು ಹೊಟ್ಟೆ ತುಂಬಿಸಿಕೊಂಡೂ ಮಿತಿಯೊಳಗೆ ಇರಬೇಕಾದ್ದರಿಂದ ನಮ್ಮ ತಂಡದಲ್ಲಿ ಸಣಕಲಿಯರೇ ಹೆಚ್ಚು, ದೊಡ್ಡವಳು ನಾನೊಬ್ಬಳೇ. "ಎಷ್ಟು ಕಿಲೋ ಅಂತ ತಕ್ಕಡಿ ನೋಡ್ತದೆ, ಎಷ್ಟು ಊರಿದ್ದಿ ಅಂತ ನೆಲ ನೋಡ್ತದೆ" ಎಂಬುದು ಅವರ ಮಾತು. ಮುಂದಿನ ಎರಡು ವರ್ಷ ನಾವು ಸೋತದ್ದಕ್ಕಿಂತ ಗೆದ್ದದ್ದು ಹೆಚ್ಚು.

ನಡುವೆ ಒಂದು ತಮಾಷೆಯನ್ನೂ ಹೇಳಬೇಕು, ಇಲ್ಲದಿದ್ದರೆ ಅವರು ಬರೀ ಉಪದೇಶದ ಮನುಷ್ಯ ಎಂದಾಗುತ್ತದೆ. ಒಂದು ಸಂಜೆ ಕೈ ಕೆಳಗೆ ಮಾಡಿ ನಮ್ಮನ್ನು ತಾಳಲು ಹೇಳಿದ್ದಾಗಲೇ ಲೈನ್ ಕಡಿದು ಬಿದ್ದಿದೆ ಎಂದು ಫೋನ್ ಬಂತು. ಅವರು ಬೈಕ್ ಹತ್ತಿ ಹೋಗಿಯೇಬಿಟ್ಟರು. ಕೈ ಮೇಲೆ ಹೋಗಲಿಲ್ಲ, ನಾವು ಬಿಡಲಿಲ್ಲ. ಸಿಮೆಂಟ್ ಕಂಬದ ತುಂಡು ಗಾಳಿಯಲ್ಲಿ, ನಾವು ನೆಲದಲ್ಲಿ. ಕೊನೆಗೆ ಕೈ ಸೋತು ಎಂಟು ಜನವೂ ಮಣ್ಣಿನಲ್ಲಿ ಉರುಳಿ ನಕ್ಕೆವು. ಒಂದು ಗಂಟೆ ಬಿಟ್ಟು ಅವರ ಬೈಕಿನ ಸದ್ದು ಕೇಳಿದ್ದೇ ತಡ, ಎಲ್ಲರೂ ಎದ್ದು ಹಗ್ಗ ಹಿಡಿದು ಮೊದಲಿನ ಹಾಗೆ ವಾಲಿ ನಿಂತೆವು. ಅವರು ಇಳಿದು ನೋಡಿದರು. ಮುಖದಲ್ಲಿ ಏನೂ ಕಾಣಿಸಲಿಲ್ಲ. "ಕೂದಲಲ್ಲಿ ಮಣ್ಣುಂಟು" ಎಂದು ಹೇಳಿ ಆ ಕಡೆ ತಿರುಗಿ ನಕ್ಕರು.

ಇನ್ನು ಸುಳ್ಯ.

ನಾನು ಪಿಯುಸಿ ಎರಡನೆಯ ವರ್ಷ. ಸುಳ್ಯದ ಪಂದ್ಯದಲ್ಲಿ ನಾನೂರ ಎಂಬತ್ತರ ವಿಭಾಗ ಗೆದ್ದ ತಂಡಕ್ಕೆ ರಾಜ್ಯ ಆಯ್ಕೆಗೆ ಹೋಗುವ ಅವಕಾಶ. ರಾಜ್ಯ ತಂಡಕ್ಕೆ ಸೇರಿದರೆ ಡಿಗ್ರಿಗೆ ಕ್ರೀಡಾ ಕೋಟಾದಲ್ಲಿ ಸೀಟು, ಹಾಸ್ಟೆಲು. ಬೀಡಿ ಕಟ್ಟುವವಳ ಮಗಳಿಗೆ ಅದು ಸಣ್ಣ ಮಾತಲ್ಲ. ಆ ವರ್ಷ ನಮಗೆ ಜೆರ್ಸಿ ಹೊಲಿಸಿದ್ದು ಸಂಘ. ಆಗಿನ ಅಧ್ಯಕ್ಷರು, ಈಗ ಅವರು ನಿಮ್ಮ ಗೌರವಾಧ್ಯಕ್ಷರು, ಫೋಟೋದವರನ್ನು ಕರೆದುಕೊಂಡು ಬೆಳಿಗ್ಗೆಯೇ ಬಂದಿದ್ದರು. ಬದಲಿಗೆಂದು ಒಂಬತ್ತನೆಯವಳಾಗಿ ಇರಬೇಕಾಗಿದ್ದ ಹುಡುಗಿಗೆ ಪರೀಕ್ಷೆ ಇತ್ತು, ನಾವು ಎಂಟೇ ಜನ. ಯಾವಾಗಿನಂತೆ ಬುತ್ತಿ ತಿಂದೆವು, ಒಬ್ಬೊಬ್ಬರಾಗಿ ತಕ್ಕಡಿ ಹತ್ತಿದೆವು. ನಾನು ಕೊನೆಯವಳು. ಬರೆದುಕೊಳ್ಳುತ್ತಿದ್ದವರು ಎರಡು ಸಲ ಕೂಡಿಸಿ ನೋಡಿ ತಲೆ ಅಲ್ಲಾಡಿಸಿದರು. ನಾನೂರ ಎಂಬತ್ತೆರಡು.

ಮಧ್ಯಾಹ್ನ ಎರಡು ಗಂಟೆಯ ಒಳಗೆ ಇನ್ನೊಮ್ಮೆ ತೂಕಕ್ಕೆ ಬರಬಹುದು ಎಂದರು. ಆಗ ಹನ್ನೊಂದು.

"ಎರಡು ಕಿಲೋ" ಎಂದರು ಅಧ್ಯಕ್ಷರು. "ಎಂಟು ಜನ ಪಾವು ಪಾವು ಕಿಲೋ ತಿಂದದ್ದೇ ಎರಡು ಕಿಲೋ ಆಯ್ತು. ಇದು ನಿಮ್ಮ ಬುತ್ತಿಯ ತೂಕ ಮಾರಾಯ್ರೆ."

"ಹೌದು. ಬುತ್ತಿಯದ್ದೇ" ಎಂದರು ಇವರು.

"ಈಗ ಎಂತ ಮಾಡುದು? ಆ ದೊಡ್ಡವಳಿಗೆ ಮಳೆಕೋಟು ಹಾಕಿ ಓಡಿಸಿ. ಮೂರು ಗಂಟೆ ಉಂಟು, ಎರಡು ಕಿಲೋ ಎಂತ ದೊಡ್ಡದು? ಆಗುದಿಲ್ಲಾಂದ್ರೆ ಅವಳನ್ನು ಬಿಡಿ, ಏಳು ಜನ ಎಳೀಲಿ."

ಅಷ್ಟು ಜನರ ಎದುರಿಗೆ ಆ ದೊಡ್ಡವಳು ಎಂದಾಗ ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಲೈನ್‌ಮ್ಯಾನಣ್ಣ ನನ್ನನ್ನು ಬದಿಗೆ ಕರೆದರು.

"ನೀನು ಎಂತ ಹೇಳ್ತಿ?"

"ಓಡ್ತೇನೆ. ನೀರು ಕುಡಿಯುದಿಲ್ಲ. ಎರಡು ಗಂಟೆಗೆ ಇಳಿತದೆ."

ನಾನು ಆಗಲೇ ಬೂಟಿನ ಲೇಸು ಬಿಗಿಯುತ್ತಿದ್ದೆ. ಅವರು ನನ್ನ ಹೆಗಲನ್ನು ನೋಡಿದರು, ಗುಂಡ್ಯದ ಗಾಯದ ಕಲೆ ಜೆರ್ಸಿಯ ಕತ್ತಿನಿಂದ ಹೊರಗೆ ಕಾಣುತ್ತಿತ್ತು. ಹೆಸರು ಬರೆಯುವ ಮೇಜಿಗೆ ನಡೆದರು.

"ನಮ್ಮದನ್ನು ಮುಕ್ತ ವಿಭಾಗದಲ್ಲಿ ಬರ್ಕೊಳ್ಳಿ."

ಮುಕ್ತ ವಿಭಾಗ ಎಂದರೆ ತೂಕದ ಮಿತಿಯೇ ಇಲ್ಲ. ಘಟ್ಟದ ಮೇಲಿನಿಂದ ಬಂದ ತಂಡವೊಂದಿತ್ತು, ಅವರ ಎಂಟು ಜನರಲ್ಲಿ ನನ್ನಂಥವರೇ ಐವರು. ಅಲ್ಲಿ ಗೆದ್ದರೂ ರಾಜ್ಯ ಆಯ್ಕೆ ಇಲ್ಲ. ಅಧ್ಯಕ್ಷರು ಮೇಜಿಗೆ ಬಡಿದು, "ನಿಮಗೆ ತಲೆ ಸರಿ ಉಂಟಾ? ಅವಳೇ ಓಡ್ತೇನೆ ಹೇಳಿದ್ಲಲ್ಲ" ಎಂದರು.

"ಅವಳು ಹೇಳ್ತಾಳೆ. ಹೇಳುವ ಪ್ರಾಯ. ಕೈ ತೋರಿಸುದು ನಾನು."

"ಹಾಗಾದ್ರೆ ಸಂಘದ ಜೆರ್ಸಿ ಬಿಚ್ಚಿ ಕೊಟ್ಟು ಎಳೀರಿ."

ನಾವು ಎಂಟು ಜನ ಮೈದಾನದ ಬದಿಯ ಶಾಲೆಯ ಕೋಣೆಗೆ ಹೋಗಿ, ಮನೆಯಿಂದ ತೊಟ್ಟು ಬಂದಿದ್ದ ಚೂಡಿದಾರವನ್ನೇ ಹಾಕಿಕೊಂಡು, ಜೆರ್ಸಿಗಳನ್ನು ಮಡಚಿ ಮೇಜಿನ ಮೇಲೆ ಇಟ್ಟೆವು. ಮಡಚುವಾಗ ಎಲ್ಲರೂ ಅತ್ತೆವು. ನಾನು ಹೆಚ್ಚು ಅತ್ತೆ. ಆಮೇಲೆ ಮಧ್ಯಾಹ್ನದ ಬುತ್ತಿ ಬಿಚ್ಚಿ ಹೊಟ್ಟೆ ತುಂಬ ಉಂಡೆವು. ಇನ್ನು ತೂಕದ ಹೆದರಿಕೆ ಇರಲಿಲ್ಲ.

ಮೊದಲ ಎಳೆತ ಕಣ್ಣು ಮಿಟುಕಿಸುವಷ್ಟರಲ್ಲಿ ಸೋತೆವು. ಎರಡನೆಯದರಲ್ಲಿ ಆ ಮಡಚಿದ ಬೆರಳುಗಳ ಕೈ ಕೆಳಗೆ ಇಳಿದದ್ದು ಮೇಲೇಳಲೇ ಇಲ್ಲ. ಎದುರಿನವರು ಎಳೆಯುತ್ತಲೇ ಇದ್ದರು, ನಾವು ಕೂತೇ ಇದ್ದೆವು. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಆಕಾಶದಲ್ಲಿ ಒಂದು ಗಿಡುಗ ಸುತ್ತುತ್ತಿತ್ತು, ಅದು ಮೈದಾನ ದಾಟಿ ಹೋಯಿತು, ತಿರುಗಿ ಬಂತು. ನನ್ನ ತೊಡೆ ನಡುಗತೊಡಗಿದಾಗ ಆ ಕೈಯ ಮೇಲೆ ನನಗೆ ದ್ವೇಷವೇ ಬಂತು. ಆಗ ಅದು ಮೇಲೆ ಹೋಯಿತು. ಎದುರಿನವರು ಒಮ್ಮೆಲೇ ಸಡಿಲವಾಗಿ ನಮ್ಮ ಕಡೆಗೆ ಬಂದರು. ಬೆಳಿಗ್ಗೆ ನಮ್ಮ ಬುತ್ತಿ ನೋಡಿ ನಕ್ಕವರೇ ಎದ್ದು ನಿಂತು ಕೂಗಿದರು. ಮೂರನೆಯದನ್ನು ಸೋತೆವು. ನನ್ನ ಕಾಲಡಿಯ ಮಣ್ಣು ಕುಸಿಯಿತು, ಸೋತೆವು. ಸೋತದ್ದನ್ನು ನಾನು ಗೆಲುವು ಎಂದು ಬರೆಯುವುದಿಲ್ಲ.

ತಿರುಗಿ ಬರುವಾಗ ಜೀಪಿನಲ್ಲಿ ನಾವು ಹಿಂದೆ, ಅವರು ಮುಂದೆ. ಕಡಬ ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ನನ್ನ ಹತ್ರ ಕೇಳಿದ್ದು ಯಾಕೆ?"

ಮುಂದೆ ಕೂತಿದ್ದವರು ತಿರುಗಲಿಲ್ಲ.

"ಓಡ್ತೇನೆ ಅಂದೆ. ನನ್ನ ಮಾತು ಬೇಡಾಂದ್ರೆ ಕೇಳಿದ್ದು ಯಾಕೆ?"

"ಕೇಳಿದ್ದು ತಪ್ಪು" ಎಂದರು. ಆಮೇಲೆ ಅವರೇ ಹೇಳಿದರು. "ನೀನು ಇಲ್ಲ ಹೇಳುದಿಲ್ಲ ಅಂತ ಗೊತ್ತಿತ್ತು. ನೀನೇ ಹೂಂ ಹೇಳಿದ್ರೆ ನನ್ನ ತಲೆಯಿಂದ ಹೋಗ್ತದೆ ಅಂತ ಒಂದು ಗಳಿಗೆ ಅನಿಸಿತು. ಹಗ್ಗ ಹಿಡಿದವಳ ಹತ್ರ ಅದನ್ನು ಕೇಳ್ಲಿಕ್ಕಿಲ್ಲ ಗೂಡೆ. ಕೈ ತೋರಿಸುವವ ಹೇಳ್ಬೇಕು, ಬೈಗುಳ ಸಹ ಅವನೇ ತಿನ್ಬೇಕು. ನೀನು ಬೈ."

ನಾನು ಬೈದೆ. ಮನೆ ಬರುವವರೆಗೂ ಬೈದೆ. ನನ್ನ ಸೀಟು ಹೋಯಿತು, ಹಾಸ್ಟೆಲು ಹೋಯಿತು, ನಿಮಗೆ ಏನು, ನಿಮಗೆ ಸರ್ಕಾರಿ ಕೆಲಸ ಉಂಟು ಎಂದೆ. ಅವರು ಎಲ್ಲಕ್ಕೂ ಹೌದು ಎಂದರು. ಅದು ನನಗೆ ಇನ್ನೂ ಸಿಟ್ಟು ತರಿಸಿತು.

ನಾನು ಡಿಗ್ರಿಗೆ ಹೋಗಲಿಲ್ಲ. ಸೊಸೈಟಿಯ ರೇಷನ್ ಅಂಗಡಿಗೆ ಸೇರಿದೆ, ಈಗಲೂ ಅಲ್ಲಿದ್ದೇನೆ. ಆ ದಿನ ಓಡಿದ್ದರೆ ಬೇರೆ ಏನೋ ಆಗುತ್ತಿದ್ದೆ. ಗುಂಡ್ಯದಲ್ಲಿ ಆದ ಹಾಗೆಯೂ ಆಗುತ್ತಿದ್ದೆನೋ ಏನೋ, ಅದು ಯಾರಿಗೂ ಗೊತ್ತಿಲ್ಲ. ಅವರು ಮಾಡಿದ್ದು ಸರಿ ಎಂದು ಈಗ ತಿಳಿಯುತ್ತದೆ. ಅದಕ್ಕೆ ತೆತ್ತದ್ದು ನಾನು ಎಂಬುದೂ ತಿಳಿಯುತ್ತದೆ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಸುಳ್ಳಾಗುತ್ತದೆ.

ಸಂಘ ಅವರನ್ನು ತೆಗೆದು ಬೇರೆ ತರಬೇತುದಾರರನ್ನು ತಂದಿತು. ನಾವು ಎಂಟರಲ್ಲಿ ಒಬ್ಬಳೂ ಅಲ್ಲಿಗೆ ಹೋಗಲಿಲ್ಲ. ಮರುವರ್ಷ ಅಪ್ಪಂದಿರ, ಅಣ್ಣಂದಿರ ಹಳೆಯ ಅಂಗಿ ಹಾಕಿಕೊಂಡು ಎಳೆದೆವು. ಎಂಟು ಜನರದ್ದೂ ಎಂಟು ಬಣ್ಣ. ಮೈಕಿನವರು ನಮ್ಮ ತಂಡದ ಹೆಸರೇನು ಎಂದು ಕೇಳಿದರೆ, "ಬುತ್ತಿ ತಂಡ ಅಂತ ಹೇಳಿ" ಎಂದರು ಲೈನ್‌ಮ್ಯಾನಣ್ಣ.

ಕೊನೆಯ ಸಲ ಅವರನ್ನು ನೋಡಿದ್ದು ಪುತ್ತೂರಿನ ಆಸ್ಪತ್ರೆಯಲ್ಲಿ, ಈಗ ಒಂದು ವರ್ಷವಾಯಿತು. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು, ಹಲಸಿನ ಮರದ ಅಡಿಯಲ್ಲಿ ಹುಡುಗಿಯರಿಗೆ ಕೈ ತೋರಿಸುವವಳು ನಾನಾಗಿದ್ದೆ. ಮೈ ಪೂರ್ತಿ ಇಳಿದುಹೋಗಿತ್ತು. ನಾನು ತಂದ ಗಂಜಿಯನ್ನು ಎರಡು ಚಮಚ ಕುಡಿದು ಸಾಕು ಎಂದರು.

"ಸುಳ್ಯದ ಸಿಟ್ಟು ಇನ್ನೂ ಉಂಟಾ?"

"ಉಂಟು."

"ಇರ್ಲಿ. ಬಿಡ್ಬೇಡ. ನಿನ್ನ ಮಕ್ಕಳಿಗೆ ಕೈ ತೋರಿಸುವಾಗ ಬೇಕಾಗ್ತದೆ."

ನನಗೆ ಆಗ ಅರ್ಥವಾಗಲಿಲ್ಲ. ಮೊನ್ನೆ ಬುಧವಾರ ಆಯಿತು.

ನಿಮ್ಮ ಪಂದ್ಯಕ್ಕೆ ನಮ್ಮ ಹುಡುಗಿಯರು ತಯಾರಾಗುತ್ತಿದ್ದಾರೆ. ಹೋದ ವಾರ ತೂಕ ಬರೆದುಕೊಳ್ಳುವಾಗ ನಮ್ಮ ಕೊನೆಯವಳಿಗೆ, ಹದಿನಾರು ವರ್ಷದವಳು, "ನೀನು ಸ್ವಲ್ಪ ಹೆಚ್ಚಾಗಿದ್ದಿಯಲ್ಲ" ಎಂದೆ. ಬರೀ ಬಾಯಿಮಾತು. ಅಕ್ಕಿ ತೂಗುವಾಗ ಹೇಳುವ ಹಾಗೆ ಹೇಳಿದೆ, ಮರೆತೆ. ಬುಧವಾರ ಅಭ್ಯಾಸದ ನಡುವೆ ಅವಳು ಪದೇ ಪದೇ ಮರದ ಹಿಂದೆ ಹೋಗುತ್ತಿದ್ದಳು. ಹೋಗಿ ನೋಡಿದರೆ ಉಗುಳುತ್ತಿದ್ದಾಳೆ. ಕಿಸೆಯ ತುಂಬ ಬಿಂಬುಳಿ. ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

"ನಾನೇ ಮಾಡಿದ್ದು ಅಕ್ಕ. ನೀವು ಹೇಳ್ಲಿಲ್ಲ. ನನಗೆ ಆಗ್ತದೆ" ಎಂದಳು.

ನಿನಗೆ ನಿಜವಾಗಿಯೂ ಆಗ್ತದಾ ಎಂದು ಕೇಳಲು ಬಾಯಿ ತೆರೆದೆ. ಟ್ರೋಫಿಯ ಆಸೆ ನನಗೂ ಇತ್ತು, ಅದರ ಮೇಲೆ ಅವರ ಹೆಸರಿತ್ತು. ಜೀಪಿನ ಮುಂದಿನ ಸೀಟಿನಲ್ಲಿ ತಿರುಗದೆ ಕೂತಿದ್ದ ಆ ತಲೆ ನೆನಪಾಯಿತು. ಬಾಯಿ ಮುಚ್ಚಿದೆ. ಬಿಂಬುಳಿಯನ್ನು ಕಿಸೆಯಿಂದ ತೆಗೆಸಿ, ಅವಳನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಊಟ ಹಾಕಿಸಿದೆ. ಅವಳು ಉಣ್ಣುವಾಗ ನನ್ನನ್ನು ಕೊಲ್ಲುವ ಹಾಗೆ ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅವಳ ಮನೆಗೆ ಹೋದೆ. ಅವಳ ತಾಯಿ ಜಗಲಿಗೆ ಬಂದು "ಕೂತ್ಕೊಳ್ಳಿ" ಎಂದರು. ನಾನು ಅಂಗಳದಲ್ಲೇ ನಿಂತೆ.

"ಕೂರುದಿಲ್ಲ. ಒಂದು ವಿಷಯ ಹೇಳ್ಲಿಕ್ಕುಂಟು" ಎಂದೆ.

ಆದ್ದರಿಂದ ಕಾರ್ಯದರ್ಶಿಯವರೇ, ನಮ್ಮ ತಂಡ ಬರುತ್ತದೆ. ಎಂಟು ಜನ, ಎಂಟು ಬುತ್ತಿ. ನಿಮ್ಮ ತಕ್ಕಡಿಯ ಎದುರಿಗೇ ಚಾಪೆ ಹಾಸಿ ಉಣ್ಣುತ್ತಾರೆ, ಗೌರವಾಧ್ಯಕ್ಷರು ನೋಡಲಿ. ಈಗಿನ ಲೆಕ್ಕದಲ್ಲಿ ನಾವು ಒಂದೂವರೆ ಕಿಲೋ ಹೆಚ್ಚಿದ್ದೇವೆ, ಅದನ್ನು ಇಳಿಸುವುದಿಲ್ಲ. ನಮ್ಮ ಹೆಸರನ್ನು ಮುಕ್ತ ವಿಭಾಗದಲ್ಲಿ ಬರೆದುಕೊಳ್ಳಿ. ಅವರ ಹೆಸರಿನ ಟ್ರೋಫಿ ಆ ವಿಭಾಗಕ್ಕೆ ಇಲ್ಲ ಎಂದು ನನಗೆ ಗೊತ್ತಿದೆ.